ಜಾಡಿಯ ತಳದ ಸುಣ್ಣ

ಮುಂದಿನ ಕೋಣೆಯಲ್ಲಿ ಅರ್ಧ ಜಾಗ ಗಾಜಿನ ತೊಟ್ಟಿಯದು, ಉಳಿದರ್ಧ ಮೇಸ್ತ್ರಿಯ ಮಂಚದ್ದು. ನಡುವೆ ಒಬ್ಬರು ಓರೆಯಾಗಿ ಹಾದುಹೋಗುವಷ್ಟು ಸಂದಿ. ತೊಟ್ಟಿ ನಾಲ್ಕಡಿ ಉದ್ದದ್ದು. ಅದರ ತುಂಬ ಉಪ್ಪುನೀರು, ನೀರಿನೊಳಗೆ ಗಿಡದ ಹಾಗೆ ಕವಲೊಡೆದ ಹವಳ, ಹವಳದ ಸಂದಿಗೊಂದಿಗಳಲ್ಲಿ ಐದು ಮೀನು. ಅದರ ಮೋಟಾರು ಹಗಲೂ ಇರುಳೂ ಗುಂಯ್ಯೆನ್ನುತ್ತಿತ್ತು. ಮೊದಮೊದಲು ಆ ಸದ್ದಿಗೆ ಮೇಸ್ತ್ರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು.

ತೊಟ್ಟಿ ಕಟ್ಟಿದವನು ಮಗ. ಫ್ರಿಜ್ಜು ರಿಪೇರಿಯವನು. ಹಳೇ ಪಂಪು, ಹಳೇ ಪೈಪು ತಂದು ತಾನೇ ಜೋಡಿಸಿದ್ದ. ಹನ್ನೊಂದು ತಿಂಗಳ ಹಿಂದೆ ಒಂದು ಸೋಮವಾರ ಕೈಚೀಲದಲ್ಲಿ ನಾಲ್ಕು ಅಂಗಿ ತುರುಕಿಕೊಂಡು ಹೊರಟವನು ಬೇರೆ ಊರಿನಲ್ಲಿ ಬೇರೆ ಹೆಂಗಸಿನ ಜೊತೆ ಸಂಸಾರ ಹೂಡಿದ. ಹೆಂಡತಿ ಮಗಳನ್ನು ಬಿಟ್ಟ ಎಂದು ಬೀದಿಯೆಲ್ಲ ಆಡಿಕೊಂಡಿತು. ಅಪ್ಪನನ್ನೂ ಬಿಟ್ಟ ಎಂದು ಯಾರೂ ಅನ್ನಲಿಲ್ಲ. ನಲವತ್ತು ವರ್ಷ ಗಾರೆ ಕೆಲಸ ಮಾಡಿ, ಹೆಂಡತಿಯನ್ನು ಮಣ್ಣು ಮಾಡಿ ಆರು ವರ್ಷ ಕಳೆದ ಮೇಸ್ತ್ರಿ, ಮಗನಿಲ್ಲದ ಮಗನ ಮನೆಯಲ್ಲಿ ಸೊಸೆ ಬಡಿಸಿದ್ದನ್ನು ತಿಂದುಕೊಂಡು ಉಳಿದ. ಮಗ ಬಿಟ್ಟುಹೋದ ಸಾಮಾನಿನಲ್ಲಿ ದೊಡ್ಡವು ಎರಡು, ಒಂದು ತೊಟ್ಟಿ, ಇನ್ನೊಂದು ತಾನು ಎಂದು ಅವನಿಗೆ ಆಗಾಗ ಅನಿಸುತ್ತಿತ್ತು.

ಮೊಮ್ಮಗಳನ್ನು ಮನೆಯಲ್ಲಿ ಪಟಾಕಿ ಎಂದು ಕರೆಯುತ್ತಿದ್ದರು. ಎರಡು ವರ್ಷದ ಮಗುವಾಗಿದ್ದಾಗಿನಿಂದಲೂ ಬಾಯಿಗೆ ಬಿಡುವಿಲ್ಲದೆ ಪಟಪಟ ಮಾತಾಡುತ್ತಿದ್ದವಳು. ಈಗ ಹದಿನೈದು. ಹೆಸರು ಹಾಗೇ ಉಳಿದಿತ್ತು, ಪಟಾಕಿಗೆ ಮಾತ್ರ ನೀರು ಬಿದ್ದಿತ್ತು. ಶಾಲೆಯಿಂದ ಬಂದವಳೇ ತೊಟ್ಟಿಯ ಮುಂದೆ ಕೂರುವಳು. ಅವರಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ದಿನವಿಡೀ ಗಾಜು ನೋಡಿ ಬಂದವಳಿಗೆ ಮನೆಯಲ್ಲೂ ಗಾಜೇ.

"ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯ್ತು," ಎಂದಳು ಸೊಸೆ ಒಂದು ಬೆಳಿಗ್ಗೆ, ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು. "ನೆಲದ ತುಂಬ ಉಪ್ಪಿನ ಕಲೆ. ಇದೇನು ಮನೇನೋ, ಸಮುದ್ರದ ದಂಡೇನೋ?"

"ನಾನು ಒರೆಸ್ತೀನಿ ಅಂದ್ನಲ್ಲ," ಎಂದಳು ಪಟಾಕಿ, ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಬದಿಗಿಡುತ್ತ.

"ಅಂದೆ. ಯಾವಾಗ? ನಾನು ಸತ್ತ ಮೇಲಾ?"

"ಅಮ್ಮಾ, ಲೇಟಾಗ್ತಿದೆ."

"ಯಾಕೆ ಲೇಟು? ಮುಖ ತೊಳೆಯೋಕ್ಕಿಂತ ಮುಂಚೆ ಆ ನೀರಿಗೆ ಹನಿ ಹಾಕ್ಕೊಂಡು ಕೂತಿರ್ತೀಯ, ಅದಕ್ಕೇ ಲೇಟು. ಕೇಳಿಸ್ಕೋ. ಮೀನಂಗಡಿಯವನ ಹತ್ರ ಮಾತಾಡಿದೀನಿ. ಮುಂದಿನ ತಿಂಗಳ ಕೊನೇಲಿ ಬಂದು ತಗೊಂಡು ಹೋಗ್ತಾನೆ."

ಹುಡುಗಿ ಬ್ರೆಡ್ಡು ಕೆಳಗಿಟ್ಟಳು. "ಅದು ಅಪ್ಪಂದು."

"ಅಪ್ಪಂದಾದ್ರೆ ಅಪ್ಪ ಬಂದು ಒರೆಸ್ಲಿ."

ಮೇಸ್ತ್ರಿ ಮೊಟ್ಟೆಯ ಸಿಪ್ಪೆಯನ್ನು ಚೂರು ಚೂರಾಗಿ ಬಿಡಿಸುತ್ತ ಕುಳಿತ. ಸಿಪ್ಪೆ ಮುಗಿದ ಮೇಲೂ ಬೆರಳು ಆಡುತ್ತಿದ್ದವು.

"ಮಾವ, ನೀವಾದ್ರೂ ಹೇಳಿ ಅವಳಿಗೆ," ಎಂದಳು ಸೊಸೆ.

"ನಾನೇನು ಹೇಳ್ಲಿ ತಾಯಿ," ಎಂದ ಮೇಸ್ತ್ರಿ. ಅವನ ಮಾತು ಆ ಮನೆಯಲ್ಲಿ ಅಷ್ಟಕ್ಕೇ ನಿಲ್ಲುತ್ತಿತ್ತು.

ಆ ಸಂಜೆ ಅವನು ಹಿಂದುಗಡೆ ತಟ್ಟೆ ತೊಳೆಯುತ್ತಿದ್ದಾಗ ಸೊಸೆ ಅಡಿಗೆಮನೆಯಲ್ಲಿ ಯಾರೊಂದಿಗೋ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಮನೆ ಅಂಗಡಿಗೆ ಹತ್ರ ಇದ್ರೆ ಆಯ್ತು... ಹೌದು, ಎರಡು ರೂಮು ಸಾಕು ಬಿಡಿ. ತೊಟ್ಟಿ ಒಂದು ಹೋದ್ರೆ ಜಾಸ್ತಿ ಸಾಮಾನೇ ಇಲ್ಲ."

ಮೇಸ್ತ್ರಿಯ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. ಬದುಕಿಡೀ ಮಂದಿಗೆ ರೂಮು ಕಟ್ಟಿಕೊಟ್ಟವನು ಅವನು. ಎರಡು ರೂಮು ಎಂದರೆ ಯಾರು ಯಾರು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾಯಿಗೊಂದು, ಬೆಳೆದ ಮಗಳಿಗೊಂದು. ಕೇಳಿಬಿಡಬಹುದಿತ್ತು. ಒಳಗೆ ನಾಲ್ಕು ಹೆಜ್ಜೆ ಅಷ್ಟೇ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂದು ತಟ್ಟೆಯನ್ನು ಇನ್ನೊಮ್ಮೆ ತೊಳೆದ.

ಮಾರನೇ ದಿನ ಬೆಳಿಗ್ಗೆ ಆರಕ್ಕೆ, ಪಟಾಕಿ ತೊಟ್ಟಿಯ ಮುಂದೆ ಕುಳಿತಾಗ ಅವನು ಮಂಚದಿಂದ ಎದ್ದು ಪಕ್ಕಕ್ಕೆ ಬಂದ.

"ನಂಗೂ ಹೇಳ್ಕೊಡೇ."

"ಏನ್ನ?"

"ಆ ಹನಿ ಹಾಕೋದು."

"ನಿಂಗ್ಯಾಕೆ ತಾತ?"

"ಕೈ ಸುಮ್ನಿರಲ್ಲ ಅಂತಿದೆ ಕಣೇ."

ನಿಜಕ್ಕೂ ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಕೆಲಸಕ್ಕೆ ಬರುವವನನ್ನು ಯಾರೂ ಹೊರಗೆ ಹಾಕುವುದಿಲ್ಲ ಎಂಬುದು ಕೂಲಿ ಮಾಡಿ ಬೆಳೆದವನ ನಂಬಿಕೆ.

ಹುಡುಗಿ ಒಂದು ಪುಟ್ಟ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದಳು. ಅದಕ್ಕೆ ಸೀಸೆಯಿಂದ ಒಂದು ಹನಿ ಬಿಟ್ಟಳು, ನೀರು ನೀಲಿಯಾಯಿತು. "ಈಗ ಎಣಿಸು. ಹಳದಿ ಆಗೋವರೆಗೂ ಎಷ್ಟು ಹನಿ ಅಂತ." ಏಳು ಹನಿಗೂ ನೀಲಿಯೇ. ಎಂಟನೆಯದಕ್ಕೆ ಹಳದಿ. "ಎಂಟು. ಇದು ಆಲ್ಕಲಿನಿಟಿ. ಸೋಡಾ ಇರುತ್ತಲ್ಲ, ಆ ಥರದ್ದು. ಎಂಟು ಇದ್ರೆ ಚೆನ್ನಾಗಿದೆ ಅಂತ. ಇನ್ನೊಂದು ಕ್ಯಾಲ್ಸಿಯಂ, ಅದಕ್ಕೆ ಬೇರೆ ಸೀಸೆ. ಅದು ನಾನೂರ ಇಪ್ಪತ್ತು ಇರ್ಬೇಕು."

"ಕ್ಯಾಲ್ಸಿಯಂ ಅಂದ್ರೆ?"

"ಸುಣ್ಣ ಅನ್ಕೋ."

ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು. "ಸುಣ್ಣಾನಾ? ನೀರಲ್ಲಿ ಸುಣ್ಣ ಯಾತಕ್ಕೆ?"

"ಹವಳ ಅದರಿಂದಾನೇ ಮನೆ ಕಟ್ಕೊಳ್ಳೋದು ತಾತ. ನೀರಲ್ಲಿರೋ ಕ್ಯಾಲ್ಸಿಯಂ, ಸೋಡಾ ಎರಡೂ ಹೀರ್ಕೊಂಡು ಕಲ್ಲು ಮಾಡುತ್ತೆ. ದಿನಾ ಹೀರ್ಕೊಳ್ಳುತ್ತೆ, ದಿನಾ ನಾವು ತುಂಬ್ಬೇಕು. ಒಂದು ಜಾಸ್ತಿ ಒಂದು ಕಮ್ಮಿ ಆದ್ರೂ ಕೆಡುತ್ತೆ."

"ಹಂಗಾದ್ರೆ ಇದೂ ಗಾರೆ ಕೆಲಸಾನೇ ಅನ್ನು."

ಹುಡುಗಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಅವನಿಗೆ ಮತ್ತೆ ಆ ಮಾತನ್ನೇ ಆಡಬೇಕೆನಿಸಿತು.

ತೊಟ್ಟಿಯ ಕೆಳಗಿನ ಗೂಡಿನಲ್ಲಿ ಎರಡು ದೊಡ್ಡ ಬಾಟಲಿ. ಕೆಂಪು ಮುಚ್ಚಳದ್ದು ಕ್ಯಾಲ್ಸಿಯಂ, ಬೆಳಿಗ್ಗೆ ಒಂದು ಅಳತೆ. ನೀಲಿ ಮುಚ್ಚಳದ್ದು ಸೋಡಾ, ಸಂಜೆ ಒಂದು ಅಳತೆ.

"ಎರಡನ್ನೂ ಒಂದೇ ಸಲ ಹಾಕಿದ್ರೆ ಕೆಲಸ ಮುಗೀತಿತ್ತಲ್ಲ?"

"ಊಹೂಂ. ತೊಟ್ಟಿಗೆ ಎರಡನ್ನೂ ಒಟ್ಟಿಗೆ ಹಾಕ್ಲೇಬಾರ್ದು. ಜಗಳ ಆಡ್ತವೆ."

"ಜಗಳ ಆಡ್ತವಾ? ಹಂಗಾದ್ರೆ ನಮ್ಮನೆಯವೇ ಬಿಡು."

ಅವತ್ತಿನಿಂದ ಅದು ಇಬ್ಬರ ಕೆಲಸವಾಯಿತು. ಬೆಳಿಗ್ಗೆ ಆರಕ್ಕೆ ಅವನು ಕೈ ತೊಳೆದು ಕೂರುವನು. ಅವಳು ಎಣಿಸುವಳು, ಅವನು ಗೋಡೆಯ ಕ್ಯಾಲೆಂಡರಿನ ಮೇಲೆ ಗಾರೆಯವರ ಮೊಂಡು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವನು. ಅಂಕಿ ಬರೆಯಲು ಅವನಿಗೆ ಬರುತ್ತಿತ್ತು, ಆದರೆ ಗೆರೆಯ ಮೇಲೆ ನಂಬಿಕೆ ಹೆಚ್ಚು. ಎಂಟು ಗೆರೆ ಕಂಡರೆ ಆ ದಿನ ಸಲೀಸು. ಎಂಟು ಗಂಟೆಗೆ ತಾಯಿ ಮಗಳು ಹೋಗಿಬಿಟ್ಟರೆ ಸಂಜೆ ಐದರವರೆಗೆ ಮನೆಯಲ್ಲಿ ಅವನೊಬ್ಬನೇ. ನೆಲ ಒರೆಸುವನು, ಆಲೂಗಡ್ಡೆ ಸುಲಿದು ನೀರಿನಲ್ಲಿ ಹಾಕಿಡುವನು, ಬಟ್ಟೆ ಮಡಚುವನು. ಆಮೇಲೆ ತೊಟ್ಟಿಯ ಮುಂದೆ ಕೂತು ದೊಡ್ಡ ಹವಳವನ್ನು ನೋಡುವನು. ಪಟಾಕಿಯ ಮೊದಲ ಹಲ್ಲು ಬಿದ್ದ ದಿನ ಮಗ ತಂದದ್ದು ಅದು. ಆಗ ಹೆಬ್ಬೆರಳಿನಷ್ಟಿತ್ತು, ಈಗ ಬೊಗಸೆ ಅಗಲವಾಗಿತ್ತು. ತುದಿಗಳು ನೇರಳೆ, ಬುಡ ಕಂದು. ಎಲ್ಲಿಯೂ ಸೊಟ್ಟವಿಲ್ಲ, ಎಲ್ಲಿಯೂ ಬಿರುಕಿಲ್ಲ. "ಯಾವ ಮೇಸ್ತ್ರಿ ಹೇಳ್ಕೊಟ್ಟನೋ ನಿಂಗೆ," ಎಂದು ಗಾಜಿಗೆ ಬಾಯಿ ಹತ್ತಿರ ತಂದು ಕೇಳುವನು. ಇಡೀ ಹಗಲಿನಲ್ಲಿ ಅವನ ಬಾಯಿಂದ ಬರುವ ಮಾತು ಅಷ್ಟೇ.

ಭಾನುವಾರ ಮಗನ ಫೋನು ಬರುತ್ತಿತ್ತು. ಪಟಾಕಿ ಐದು ನಿಮಿಷ ತೊಟ್ಟಿಯ ವರದಿ ಒಪ್ಪಿಸಿ, ಫೋನನ್ನು ತಾತನಿಗೆ ಕೊಡುವಳು.

"ಅಪ್ಪ, ಊಟ ಆಯ್ತಾ?"

"ಆಯ್ತು. ಮನೆ ಬದಲಾಯಿಸ್ತಾರಂತೆ."

"ಹೌದಾ? ಒಳ್ಳೇದೇ."

"ಎರಡು ರೂಮಿಂದಂತೆ."

"ಇಲ್ಲೂ ಜಾಗ ಇಕ್ಕಟ್ಟು ಅಪ್ಪ. ಆಮೇಲೆ ನೋಡೋಣ."

ಆಮೇಲೆ ನೋಡೋಣ ಎಂಬ ಮಾತನ್ನು ಮೇಸ್ತ್ರಿ ತಾನೂ ಎಷ್ಟೋ ಜನ ಕೂಲಿಯವರಿಗೆ ಹೇಳಿದ್ದ. ಅದರ ಅರ್ಥ ಗೊತ್ತಿತ್ತು. "ಆಯ್ತಪ್ಪ, ಇಡ್ತೀನಿ," ಎಂದ.

ಅದೇ ವಾರ ಒಂದು ಬೆಳಿಗ್ಗೆ, ಬಚ್ಚಲಿನಿಂದ ಬಂದವನು ನೋಡಿದರೆ ಸೊಸೆ ಸಂದಿಯಲ್ಲಿ ಬಗ್ಗಿ ಟೇಪು ಹಿಡಿದಿದ್ದಳು.

"ಏನಮ್ಮ ಅಳೀತಿದೀಯ?"

"ಏನಿಲ್ಲ ಮಾವ, ಸುಮ್ನೆ," ಎಂದು ಟೇಪನ್ನು ಸರ್ರನೆ ಸುತ್ತಿ ಒಳಗೆ ಹೋದಳು. ತೊಟ್ಟಿ ಕೊಳ್ಳುವವನಿಗೆ ಅಳತೆ ಬೇಕಲ್ಲ ಎಂದುಕೊಂಡ.

ಮುಂದಿನ ತಿಂಗಳ ಮೊದಲ ವಾರ ಪಟಾಕಿಯ ಶಾಲೆಯವರು ಮಕ್ಕಳನ್ನು ಐದು ದಿನದ ಪ್ರವಾಸಕ್ಕೆ ಕರೆದೊಯ್ದರು. ಹೊರಡುವಾಗ ಹುಡುಗಿ ಬೆನ್ನಿಗೆ ಚೀಲ ಹಾಕಿಕೊಂಡೇ ಮೂರು ಸಲ ಹೇಳಿದಳು. "ಕೆಂಪು ಬೆಳಿಗ್ಗೆ. ನೀಲಿ ಸಂಜೆ. ತೊಟ್ಟೀಲಿ ಒಟ್ಟಿಗೆ ಹಾಕ್ಬೇಡ. ಮರೀಬೇಡ ತಾತ."

"ನಿನ್ನಪ್ಪ ಹುಟ್ಟೋಕ್ಕಿಂತ ಮುಂಚೆ ಸುಣ್ಣ ಮುಟ್ಟಿದೋನು ನಾನು. ಹೋಗು ಹೋಗು."

ಎರಡು ದಿನ ಎಂಟೇ ಬಂತು. ಮೂರನೇ ದಿನ ಬೆಳಿಗ್ಗೆ ಆರೂವರೆ ಹನಿಗೇ ನೀರು ಹಳದಿಯಾಯಿತು. ಅರ್ಧ ಹನಿ ಹೇಗೆ ಎಣಿಸುವುದೆಂದು ಅವಳು ಹೇಳಿಕೊಟ್ಟಿದ್ದಳು. ಮೇಸ್ತ್ರಿ ಕೊಳವೆ ತೊಳೆದ. ಇನ್ನೊಮ್ಮೆ ಮಾಡಿದ. ಆರೂವರೆ. ಹಿಂದಿನ ಸಂಜೆ ನೀಲಿ ಬಾಟಲಿಯದು ಹಾಕಿದ್ದೆನೋ ಇಲ್ಲವೋ? ಸೊಸೆ ಬೇಗ ಬಂದಿದ್ದಳು, ಬಟ್ಟೆ ತೆಗೆಯಲು ಕೂಗಿದ್ದಳು. ಎಷ್ಟು ಯೋಚಿಸಿದರೂ ಹಾಕಿದ ನೆನಪು ಬರಲಿಲ್ಲ.

ಹುಡುಗಿ ಬರುವುದರೊಳಗೆ ಎಂಟಕ್ಕೆ ತರಬೇಕು. ಇಲ್ಲದಿದ್ದರೆ ಇದೊಂದು ಕೆಲಸವೂ ಕೈ ತಪ್ಪುತ್ತದೆ. ಆಗ ಅವನ ಹಳೆಯ ಬುದ್ಧಿ ಓಡಿತು. ಗಾರೆ ನಿಲ್ಲದಿದ್ದರೆ ಮೇಸ್ತ್ರಿಯಾದವನು ಸುಣ್ಣ ಒಂದು ಸಲ, ಮರಳು ಒಂದು ಸಲ ಗೋಡೆಗೆ ಎರಚುತ್ತಾನೆಯೇ? ಮೊದಲು ಹದವಾಗಿ ಕಲಸುತ್ತಾನೆ, ಆಮೇಲೆ ಹಚ್ಚುತ್ತಾನೆ. ತೊಟ್ಟಿಯಲ್ಲಿ ಒಟ್ಟಿಗೆ ಹಾಕಬೇಡ ಎಂದಿದ್ದಳು ಹುಡುಗಿ. ಹೊರಗೆ ಕಲಸಬೇಡ ಎಂದಿರಲಿಲ್ಲ. ಜಗಳ ಆಡುವುದಿದ್ದರೆ ಹೊರಗೇ ಆಡಿ ಮುಗಿಸಲಿ.

ಸಂಜೆ ನಾಲ್ಕಕ್ಕೆ ಅಡಿಗೆಮನೆಯ ದಪ್ಪ ಪಿಂಗಾಣಿ ಜಾಡಿ ತಂದ. ಮೂರು ದಿನಕ್ಕಾಗುವಷ್ಟು ಕೆಂಪಿನದು ಸುರಿದ, ಮೂರು ದಿನಕ್ಕಾಗುವಷ್ಟು ನೀಲಿಯದು ಸುರಿದ. ತಿಳಿನೀರಿನಂತಿದ್ದ ಎರಡೂ ಸೇರಿದ ಗಳಿಗೆಗೇ ಮೊಸರಿನ ಹಾಗೆ ಬೆಳ್ಳಗೆ ಮಂದವಾದವು. ಮರದ ಸೌಟಿನಿಂದ ತಿರುವಿದ. ಕೈಗೆ ಹಳೆಯ ಹದ ಸಿಕ್ಕಿತು. ಎಷ್ಟೋ ವರ್ಷದ ಮೇಲೆ ತನಗೆ ಗೊತ್ತಿರುವ ವಸ್ತು ಕೈಯಲ್ಲಿತ್ತು. ಖುಷಿಯಾಯಿತು. ಮೇಲಿನ ತೆಳುವನ್ನೆಲ್ಲ ತೊಟ್ಟಿಗೆ ಸುರಿದ.

ಎರಡು ನಿಮಿಷದಲ್ಲಿ ಮೀನು ಕಾಣದಾದವು. ಹವಳ ಕಾಣದಾಯಿತು. ಪಂಪಿನ ಸುಳಿಯಲ್ಲಿ ಬಿಳುಪು ಸುತ್ತಿ ಸುತ್ತಿ, ತೊಟ್ಟಿಯೆಂಬುದು ಸುಣ್ಣ ಹೊಡೆಯುವವರ ಬಕೆಟ್ಟಾಯಿತು. ಮೇಸ್ತ್ರಿ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತ. ಕರೆಯಲು ಯಾರೂ ಇರಲಿಲ್ಲ. ಸೊಸೆಯ ನಂಬರು ಕ್ಯಾಲೆಂಡರಿನ ಮೇಲೇ ಇತ್ತು, ಒತ್ತಲು ಕೈ ಬರಲಿಲ್ಲ. ಒಂದು ಗಂಟೆ ಹಾಗೇ ನಿಂತಿದ್ದ.

ಸೊಸೆ ಬಾಗಿಲು ತೆಗೆದವಳು ಚಪ್ಪಲಿ ಬಿಡುವುದನ್ನೂ ಮರೆತಳು. "ಅಯ್ಯೋ! ಇದೇನು ಮಾವ! ತೊಟ್ಟಿಗೆ ಸುಣ್ಣ ಹೊಡೆದಿದೀರಾ?"

"ಕಲಸಿ ಹಾಕ್ದೆ ತಾಯಿ... ಎರಡೂ..."

"ಎರಡೂ ಕಲಸಿದ್ರಾ? ದೇವ್ರೇ! ಹೇಳಿರ್ಲಿಲ್ವಾ ಅವಳು?"

"ತೊಟ್ಟೀಲಿ ಬೇಡ ಅಂದಿದ್ಲು..."

ಅವಳು ಚೀಲವನ್ನು ಮಂಚದ ಮೇಲೆ ಎಸೆದು ತೋಳು ಮಡಚಿದಳು. "ಬಚ್ಚಲಲ್ಲಿ ಡ್ರಮ್ಮಿನ ತುಂಬ ಉಪ್ಪುನೀರು ಇದೆ. ಬಕೆಟ್ಟಿಗೆ ತೋಡಿ, ತೋಡಿ. ನಿಂತ್ಕೋಬೇಡಿ!" ಪೈಪಿನ ಒಂದು ತುದಿಯನ್ನು ತೊಟ್ಟಿಗೆ ಬಿಟ್ಟು, ಇನ್ನೊಂದನ್ನು ಬಾಯಿಗಿಟ್ಟು ಎಳೆದಳು. ನೀರು ಬಾಯಿಗೆ ಬರುತ್ತಲೇ ಥೂ ಎಂದು ಉಗಿದು ಬಕೆಟ್ಟಿಗೆ ಹರಿಯಬಿಟ್ಟಳು. ಮೇಸ್ತ್ರಿ ಬೆರಗಾಗಿ ನೋಡಿದ.

"ನಿಂಗೆ ಇದೆಲ್ಲ ಬರುತ್ತಾ?"

"ನಿಮ್ಮ ಮಗ ಹತ್ತು ವರ್ಷ ತೊಟ್ಟಿ ತೊಳೆದ್ರಲ್ಲ, ಪೈಪ್ ಹಿಡ್ಕೊಂಡು ನಿಂತಿದ್ದೋಳು ಯಾರು ಅನ್ಕೊಂಡಿದ್ರಿ?"

ಬಿಳಿನೀರು ತೆಗೆಯುವುದು, ಹೊಸನೀರು ಸುರಿಯುವುದು. ಎಂಟೂವರೆಗೆ ಮೀನು ಕಂಡವು, ನಾಲ್ಕು. ಐದನೆಯದು ಮೂಲೆಯಲ್ಲಿ ಮಗುಚಿಕೊಂಡಿತ್ತು. ಇಬ್ಬರೂ ಒದ್ದೆ ಬಟ್ಟೆಯಲ್ಲೇ ಅಡಿಗೆಮನೆಯಲ್ಲಿ ನಿಂತು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದರು. ಹನ್ನೊಂದು ತಿಂಗಳಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸ ಇದೇ ಮೊದಲು. ಎರಡು ರೂಮಿನ ವಿಷಯ ಈಗ ಕೇಳಬಹುದು ಎನಿಸಿತು ಅವನಿಗೆ. ಬಾಯಿ ತೆರೆದ.

"ಇನ್ನೊಂದು ಬ್ರೆಡ್ ಬೇಕಾ?" ಎಂದಳು.

"ಬೇಡ," ಎಂದ.

ಜಾಡಿಯ ತಳದಲ್ಲಿ ಉಳಿದ ಗಟ್ಟಿಯನ್ನು ಅವನು ಚೆಲ್ಲಲಿಲ್ಲ. ಯಾರ ಕಣ್ಣಿಗೂ ಬೀಳದಿರಲಿ ಎಂದು ಮಂಚದ ಕೆಳಗೆ ತಳ್ಳಿದ.

ಪಟಾಕಿ ಬಂದ ದಿನ ದೊಡ್ಡ ಹವಳದ ಮೈಮೇಲಿನ ಬಣ್ಣ ಸಿಪ್ಪೆಯಂತೆ ಕಳಚುತ್ತಿತ್ತು. ಹುಡುಗಿ ಚೀಲವನ್ನೂ ಇಳಿಸದೆ ಗಾಜಿನ ಮುಂದೆ ಮಂಡಿಯೂರಿದಳು. "ಏನಾಯ್ತು?"

ಮೇಸ್ತ್ರಿ ಬಾಯಿ ತೆರೆಯುವುದರೊಳಗೆ ಅಡಿಗೆಮನೆಯ ಬಾಗಿಲಿನಿಂದ ಸೊಸೆಯ ದನಿ ಬಂತು. "ನಾನೇ ಕಣೇ. ನೆಲ ಒರೆಸೋಕೆ ಮೋಟಾರಿನ ಪ್ಲಗ್ ತೆಗ್ದೆ, ಹಾಕೋದು ಮರ್ತೋಯ್ತು. ಇಡೀ ದಿನ ನಿಂತುಹೋಗಿತ್ತು."

"ಮರ್ತೋಯ್ತಾ? ಬೇಕು ಅಂತಾನೇ ಮಾಡಿದೀಯ!"

"ಹಾಗನ್ಕೊಂಡ್ರೆ ಹಾಗೇ."

"ಅಪ್ಪಂದು ಏನೂ ಇರ್ಬಾರ್ದು ನಿಂಗೆ, ಅಲ್ವಾ?"

"ಬಟ್ಟೆ ಬಕೆಟ್ಟಿಗೆ ಹಾಕು. ವಾಸನೆ ಬರ್ತಿದೆ."

ಎಂಟು ದಿನ ಹುಡುಗಿ ತಾಯಿಯೊಂದಿಗೆ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಮೇಸ್ತ್ರಿ ನಡುವೆ. "ತಾತ, ಉಪ್ಪು ಕೊಡೋಕೆ ಹೇಳು." "ಮಾವ, ನಾಳೆ ಎಷ್ಟೊತ್ತಿಗೆ ಹೊರಡ್ತಾಳಂತೆ ಕೇಳಿ." ಅವನು ಈ ಕಡೆಯ ಮಾತು ಆ ಕಡೆಗೆ, ಆ ಕಡೆಯದು ಈ ಕಡೆಗೆ ದಾಟಿಸುವನು.

ಒಂದು ಸಂಜೆ ಸೊಸೆ ಈರುಳ್ಳಿ ಹೆಚ್ಚುವಾಗ ಅವನು ಹೊಸ್ತಿಲಲ್ಲಿ ನಿಂತ. "ನೀನ್ಯಾಕಮ್ಮ ನಿನ್ನ ಮೇಲೆ ಹಾಕ್ಕೊಂಡೆ?"

ಅವಳು ತಲೆ ಎತ್ತಲಿಲ್ಲ. "ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಅವಳಿಗೆ ಅಭ್ಯಾಸ ಆಗಿದೆ. ನಿಮ್ಮ ಜೊತೇನೂ ಮಾತು ಬಿಟ್ರೆ ಈ ಮನೇಲಿ ಅವಳು ಇನ್ಯಾರ ಜೊತೆ ಮಾತಾಡ್ಬೇಕು ಮಾವ?"

ಮಾರನೇ ಬೆಳಿಗ್ಗೆ ಆರಕ್ಕೆ, ಹುಡುಗಿ ಐದನೇ ಹನಿ ಬಿಡುತ್ತಿದ್ದಾಗ ಅವನು ಹೇಳಿಬಿಟ್ಟ. "ಅಮ್ಮ ಅಲ್ಲ ಕಣೇ. ನಾನು. ಎರಡೂ ಕಲಸಿ ಹಾಕ್ದೆ."

"ಗೊತ್ತು."

"ಗೊತ್ತಾ?"

"ಬಂದ ಮಾರನೇ ದಿನಾನೇ. ಮಂಚದ ಕೆಳಗೆ ಜಾಡಿ ನೋಡ್ದೆ." ಆರನೇ ಹನಿ ಬಿಟ್ಟಳು. "ನೀನು ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ. ಒಂಬತ್ತು ದಿನ ತಗೊಂಡೆ ತಾತ."

"ಮತ್ತೆ ಅಮ್ಮನ ಮೇಲ್ಯಾಕೆ ಕೋಪ?"

"ಅವಳು ಸುಳ್ಳು ಹೇಳಿದ್ಲಲ್ಲ. ಅಪ್ಪ ಹೋದಾಗ್ಲೂ ಕೆಲಸದ ಮೇಲೆ ಹೋಗಿದಾರೆ, ಬರ್ತಾರೆ ಅಂತ ಒಂದು ತಿಂಗಳು ಹೇಳಿದ್ಲು. ಈಗ ನೀನೂ ಸೇರ್ಕೊಂಡೆ." ನೀರು ಹಳದಿಯಾಯಿತು. ಅವಳು ಕ್ಯಾಲೆಂಡರಿನ ಪಕ್ಕದ ಪೆನ್ಸಿಲ್ಲನ್ನು ತಾನೇ ತೆಗೆದುಕೊಂಡು ಅಂಕಿ ಬರೆದಳು. ಮಾರನೆಯ ದಿನ ಅವನು ಕೈ ತೊಳೆದು ಬರುವಷ್ಟರಲ್ಲಿ ಹನಿ ಹಾಕಿ ಮುಗಿದಿತ್ತು, ಕೊಳವೆ ತೊಳೆದಿಟ್ಟಾಗಿತ್ತು.

ಆಮೇಲೆ ತಾಯಿ ಮಗಳ ನಡುವೆ ಚೂರುಪಾರು ಮಾತು ಶುರುವಾಯಿತು. ಮೇಸ್ತ್ರಿಯ ಬೆಳಿಗ್ಗೆಗಳು ಮಾತ್ರ ಖಾಲಿಯಾದವು. ಆರು ಗಂಟೆಗೆ ಎದ್ದು, ಮಂಚದ ಮೇಲೆ ಕೂತು, ಹುಡುಗಿಯ ಬೆನ್ನು ನೋಡುತ್ತಿದ್ದ. ಒಂದು ತೋಳಿನಷ್ಟು ದೂರ.

ತಿಂಗಳ ಕೊನೆಗೆ ಮೀನಂಗಡಿಯವನು ವ್ಯಾನು ತಂದ. ಹುಡುಗಿ ಬೇಕೆಂದೇ ಶಾಲೆಗೆ ಹೋಗಿದ್ದಳು. ಅವನು ಮೀನುಗಳನ್ನು ಬಲೆಯಿಂದ ಹಿಡಿದು ಚೀಲಕ್ಕೆ ಹಾಕಿದ, ಬದುಕಿದ್ದ ಹವಳಗಳನ್ನು ಕಲ್ಲಿನಿಂದ ಬಿಡಿಸಿ ಬಕೆಟ್ಟಿಗಿಳಿಸಿದ. ದೊಡ್ಡದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ನೆಲದ ಮೇಲಿಟ್ಟ.

"ಇದು ಸತ್ತಿದೆ ಯಜಮಾನ್ರೆ. ಬೇಡ. ಚೆನ್ನಾಗಿ ಬೆಳೆಸಿದ್ರು ಯಾರೋ. ಏನ್ಮಾಡಿದ್ರಿ ಇದಕ್ಕೆ?"

"ನಾನೇ ಏನೋ ಮಾಡ್ದೆ," ಎಂದ ಮೇಸ್ತ್ರಿ.

ಮೋಟಾರಿನ ಪ್ಲಗ್ಗು ಕಿತ್ತಾಗ ಗುಂಯ್ ಎನ್ನುವುದು ನಿಂತಿತು. ತೊಟ್ಟಿ ಹೋದ ಮೇಲೆ ಗೋಡೆಯ ಮೇಲೆ ನಾಲ್ಕಡಿಯ ಉಪ್ಪಿನ ಗೆರೆ ಉಳಿಯಿತು. ಮೇಸ್ತ್ರಿ ಒದ್ದೆ ಬಟ್ಟೆ ತಂದು ಅದನ್ನು ಉಜ್ಜುತ್ತ ಕುಳಿತಿದ್ದಾಗ ಸೊಸೆ ಒಳಗಿನಿಂದ ಬಂದಳು.

"ಅದನ್ಯಾಕೆ ಉಜ್ತೀರಿ ಮಾವ? ನಿಮ್ಮ ಸಾಮಾನೂ ಕಟ್ಕೊಳ್ಳಿ. ಶುಕ್ರವಾರ ಗಾಡಿ ಬರುತ್ತೆ."

ಬಟ್ಟೆ ಅವನ ಕೈಯಲ್ಲೇ ಮುದ್ದೆಯಾಯಿತು. ತೊಟ್ಟಿಯ ಹಿಂದೆಯೇ ತನ್ನ ಸರದಿ. ಇಷ್ಟು ದಿನ ಬಾಯಿಗೆ ಬಾರದ ಪ್ರಶ್ನೆ, ಇನ್ನು ಕಳೆದುಕೊಳ್ಳುವುದೇನಿದೆ ಎನಿಸಿ, ಆಗ ಬಂತು.

"ಎಲ್ಲಿಗಮ್ಮ?" ಎಂದು ಕೇಳಿದ.

"ಎಲ್ಲಿಗೆ ಅಂದ್ರೆ? ಹೊಸ ಮನೆಗೆ."

"ಎರಡು ರೂಮು ಅಂದಿದ್ಯಲ್ಲ. ಫೋನಲ್ಲಿ."

"ಹೌದು. ಒಂದು ನಿಮ್ದು, ಒಂದು ನಮ್ಮಿಬ್ರದ್ದು. ನಿಮ್ಮ ಮಂಚ ಆ ಬಾಗ್ಲಲ್ಲಿ ಹೋಗುತ್ತೋ ಇಲ್ವೋ ಅಂತ ಅಳತೆ ಕೂಡ ತಗೊಂಡಿದ್ನಲ್ಲ." ಅವಳು ಅವನ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಅರ್ಥವಾಯಿತು. ಅರ್ಥವಾದದ್ದೇ ಸಿಟ್ಟು ಬಂತು. "ಎಲ್ಲಿಗೆ ಕಳಿಸ್ತೀನಿ ಅನ್ಕೊಂಡಿದ್ರಿ ನಿಮ್ಮನ್ನ? ಮೀನಂಗಡಿಯವನ ವ್ಯಾನಲ್ಲಾ?"

"ಹೇಳ್ಲಿಲ್ವಲ್ಲಮ್ಮ ನೀನು."

"ಕೇಳ್ಲಿಲ್ವಲ್ಲ ನೀವು!" ಅವಳ ದನಿ ಒಡೆಯಿತು. "ಒಂದೂವರೆ ತಿಂಗಳು ಹಂಗೇ ಅನ್ಕೊಂಡು ನಾನು ಮಾಡಿದ್ದು ತಿಂತಿದ್ರಾ?" ಎಂದವಳು ಉತ್ತರಕ್ಕೆ ಕಾಯದೆ ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ಡಬ್ಬಕ್ಕೆ ತುಂಬತೊಡಗಿದಳು.

ಶುಕ್ರವಾರ ಹೊಸ ಮನೆ. ಸಂಜೆಯೊಳಗೆ ಸಾಮಾನು ಒಳಗೆ ಸೇರಿತು. ಮೇಸ್ತ್ರಿಯದು ಹಿಂದಿನ ಕೋಣೆ, ಒಂದು ಕಿಟಕಿ, ಒಂದು ಬಾಗಿಲು. ಎಪ್ಪತ್ತೆರಡು ವರ್ಷದಲ್ಲಿ ಬಾಗಿಲಿರುವ ಕೋಣೆ ಅವನೊಬ್ಬನಿಗೇ ಎಂದು ಇದ್ದದ್ದು ಇದೇ ಮೊದಲು. ಊಟವಾದ ಮೇಲೆ ಪಟಾಕಿ ಎರಡೂ ಕೈಯಲ್ಲಿ ಸತ್ತ ಹವಳ ಹಿಡಿದು ಬಂದಳು. ತೊಳೆದು ಒಣಗಿಸಿದ್ದಳು, ಸುಣ್ಣದಷ್ಟು ಬೆಳ್ಳಗಿತ್ತು. ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಇದು ಇಲ್ಲಿರ್ಲಿ."

ಈ ಸಲ ಅವನು ಕೇಳಿದ. "ನನ್ಮೇಲಿನ ಕೋಪ ಹೋಯ್ತಾ?"

"ಇನ್ನೂ ಇಲ್ಲ."

"ಯಾವಾಗ ಹೋಗುತ್ತೆ?"

ಹುಡುಗಿ ಯೋಚಿಸಿದಳು. "ಗೊತ್ತಿಲ್ಲ ತಾತ. ದಿನಾ ಕೇಳ್ತಿರು."

ಅವಳು ಹೋದ ಮೇಲೆ ಬಾಗಿಲು ತನ್ನಷ್ಟಕ್ಕೆ ತಾನೇ ಮೆಲ್ಲಗೆ ತಿರುಗಿ ಮುಚ್ಚಿಕೊಂಡಿತು. ಮೇಸ್ತ್ರಿ ಎದ್ದು ತೆರೆದ. ಮತ್ತೆ ಮುಚ್ಚಿತು. ಚೌಕಟ್ಟು ನೇರ ತಪ್ಪಿದೆ, ದಾರಕ್ಕೆ ಕಟ್ಟಿದ ತೂಗುಗುಂಡು ಬಿಟ್ಟು ನೋಡದೆ ಯಾರೋ ಅವಸರದಲ್ಲಿ ನಿಲ್ಲಿಸಿದ್ದಾರೆ. ಮುಚ್ಚಿದ ಬಾಗಿಲಿನೊಳಗೆ ಕೋಣೆ ನಿಶ್ಶಬ್ದವಾಗಿತ್ತು. ಗುಂಯ್ ಇಲ್ಲ, ಗುಳುಗುಳು ಇಲ್ಲ. ತನ್ನ ಉಸಿರು ತನಗೇ ಕೇಳುತ್ತಿತ್ತು.

ಅವನು ಮಂಚದ ಕೆಳಗೆ ಕೈ ಹಾಕಿ, ಹಳೇ ಮನೆಯಿಂದ ತನ್ನ ಸಾಮಾನಿನ ಜೊತೆ ತಂದಿಟ್ಟಿದ್ದ ಜಾಡಿಯನ್ನು ಎಳೆದ. ತಳದ ಸುಣ್ಣ ಕಲ್ಲಾಗಿ ಕೂತಿತ್ತು, ಉಗುರು ಹಾಕಿದರೂ ಪುಡಿ ಬರಲಿಲ್ಲ. ಭಾರವಾಗಿತ್ತು. ಬಾಗಿಲನ್ನು ಪೂರ್ತಿ ತೆರೆದು ಜಾಡಿಯನ್ನು ಅದಕ್ಕೆ ಒತ್ತಿ ಇಟ್ಟ. ಬಾಗಿಲು ಒಮ್ಮೆ ತಳ್ಳಿ ನೋಡಿ, ಸೋತು, ನಿಂತಿತು.

ಪಕ್ಕದ ಕೋಣೆಯಿಂದ ತಾಯಿ ಮಗಳ ಮಾತು ಕೇಳುತ್ತಿತ್ತು. ಏನು ಎಂದು ಗೊತ್ತಾಗುವಷ್ಟು ಜೋರಾಗಿಲ್ಲ, ಬರೀ ಸದ್ದು. ಮೇಸ್ತ್ರಿ ಆ ಕಡೆಗೆ ತಲೆ ಮಾಡಿ ಮಲಗಿದ.

ಬೆಳಿಗ್ಗೆ ಆರಕ್ಕೆ ಎದ್ದು ಕೈ ತೊಳೆದ. ತೊಳೆದ ಮೇಲೆ, ಮಾಡುವುದೇನೂ ಇಲ್ಲವೆಂಬುದು ನೆನಪಾಯಿತು. ಒದ್ದೆ ಕೈಯಲ್ಲೇ ಹೊಸ್ತಿಲಲ್ಲಿ ನಿಂತಿದ್ದಾಗ ಹುಡುಗಿ ಹಲ್ಲುಜ್ಜುವ ಬ್ರಷ್ಷು ಕಚ್ಚಿಕೊಂಡು ಹಾದುಹೋದಳು.

"ಹೋಯ್ತಾ?" ಎಂದು ಕೇಳಿದ.

ಅವಳು ಬ್ರಷ್ಷು ತೆಗೆದಳು. "ಇಲ್ಲ ತಾತ."

ಅವನು ಒಳಗೆ ಹೋಗಿ, ಗೋಡೆಗೆ ಹೊಸದಾಗಿ ನೇತುಹಾಕಿದ್ದ ಹಳೆಯ ಕ್ಯಾಲೆಂಡರಿನ ಮೇಲೆ, ಆ ದಿನದ ಮನೆಯಲ್ಲಿ, ಮೊಂಡು ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದ.